ಒಂದು ಒಳ್ಳೆ ನಾಯಿ ಹಿಂದೆ ಎಲ್ರೂ ಓಡಿದಾಗ: ವಿಸ್ಟನ್ ಕ್ಯಾಪ್ ಪ್ರಕರಣ

1965ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ ಕುರಿ ನಡೆಸೋ ನಾಯಿಗಳ ಸ್ಪರ್ಧೆ, ಇಂಟರ್‌ನ್ಯಾಷನಲ್ ಸುಪ್ರೀಮ್ ಚಾಂಪಿಯನ್‌ಶಿಪ್ ಗೆದ್ದಿದ್ದು ವಿಸ್ಟನ್ ಕ್ಯಾಪ್ ಅನ್ನೋ ಬಾರ್ಡರ್ ಕೋಲಿ ತಳಿಯ ನಾಯಿ. ತಳಿ ತೆಗೆದೋರು ಡಬ್ಲ್ಯೂ. ಎಸ್. ಹೆದರಿಂಗ್ಟನ್, ಕಲಿಸಿ ಮೈದಾನಕ್ಕೆ ಇಳಿಸಿದೋರು ಸ್ಕಾಟ್ಲೆಂಡಿನ ಕುರಿಗಾಹಿ ಜಾನ್ ರಿಚರ್ಡ್‌ಸನ್, ಎಲ್ರೂ ಜಾಕ್ ಅಂತಿದ್ರು. ನಾಯಿ ಹುಟ್ಟಿದ್ದು 1963ರ ಸೆಪ್ಟೆಂಬರ್ 28ಕ್ಕೆ. ಅಂದ್ರೆ ಗೆದ್ದಾಗ ಹೆಚ್ಚುಕಮ್ಮಿ ಎರಡೇ ವರ್ಷ. ಆ ವಯಸ್ಸಿಗೆ ಎಷ್ಟೋ ನಾಯಿಗಳಿಗೆ ಕುರಿಗಳನ್ನ ನೆಟ್ಟಗೆ ತಂದು ಯಜಮಾನನ ಮುಂದೆ ನಿಲ್ಸೋದೇ ಇನ್ನೂ ಪೂರ್ತಿ ಬಂದಿರಲ್ಲ, ಇದು ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಎತ್ಕೊಂಡು ಹೋಯ್ತು. ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿಯ ಬ್ಯಾಡ್ಜ್ ಮೇಲೆ ತಲೆ ತಗ್ಗಿಸಿ ಹೊಂಚು ಹಾಕಿರೋ ಥರ ನಿಂತಿರೋ ನಾಯಿ ಚಿತ್ರ ಇದೆಯಲ್ಲ, ಅದೇ ಇದು.

ಗೆದ್ದ ಮೇಲೆ ಏನಾಗಬೇಕೋ ಅದೇ ಆಯ್ತು, ಹೆಣ್ಣುನಾಯಿ ಬೆದೆಗೆ ಬಂದ ತಕ್ಷಣ ಜನ ಕ್ಯಾಪ್ ಹತ್ರ ಕರ್ಕೊಂಡು ಹೋಗೋಕೆ ಶುರು ಮಾಡಿದ್ರು. ಮರಿಗಳು ನೂರಾರು ಆದ್ವು. ಅದರ ಮೂರು ಮಕ್ಕಳು ಮುಂದೆ ತಾವೇ ಸುಪ್ರೀಮ್ ಚಾಂಪಿಯನ್ ಆದ್ವು, ಮೊಮ್ಮಕ್ಕಳಲ್ಲೂ ಮೂರು ಆದ್ವು, ಅದ್ರಲ್ಲಿ ಇ. ಡಬ್ಲ್ಯೂ. ಎಡ್ವರ್ಡ್ಸ್ ಅವರ ಬಿಲ್ ಎರಡು ಸಲ ಗೆದ್ದ. ಇವತ್ತು ಕೆಲಸ ಮಾಡೋ ಬಾರ್ಡರ್ ಕೋಲಿಗಳಲ್ಲಿ ಕ್ಯಾಪ್ ರಕ್ತ ಇಲ್ಲದ ಸಾಲು ಹುಡುಕೋದೇ ಕಷ್ಟ.

ನಾನು ಈ ಪ್ರಕರಣ ಯಾಕೆ ತಗೊಂಡೆ ಅಂದ್ರೆ, ಎಲ್ಲರೂ ಇದನ್ನ ಗೆಲುವಿನ ಕಥೆಯಾಗಿ ಹೇಳ್ತಾರೆ, ಗೆಲುವು ಹೌದು ಕೂಡ, ಆದ್ರೆ ತಳಿ ಕೆಲಸದ ಕಣ್ಣಿಂದ ನೋಡಿದ್ರೆ ಇದ್ರಲ್ಲಿ ಒಂದು ಕಡೆ ಎಡವಟ್ಟಾಗಿದೆ, ಆ ಎಡವಟ್ಟು ನಾಯಿದಲ್ಲ, ಜನರದ್ದು. ನಾನು ಪಶುವೈದ್ಯ, ನಮ್ದು ಹಿರಿಯೂರು ಕಡೆ, ತಲೆತಲಾಂತರದಿಂದ ಕುರಿ ಸಾಕೋ ಮನೆ, ಅದಕ್ಕೇ ಈ ವಿಷಯ ಬಂದ್ರೆ ಸುಮ್ನಿರೋಕಾಗಲ್ಲ.

ಮೊದಲು ಒಂದು ಗೊಂದಲ ತೀರಿಸ್ಕೊಳ್ಳೋಣ. ನಮ್ಮ ಕಡೆ ಕುರಿ ನಾಯಿ ಅಂದ್ರೆ ಕಾಯೋ ನಾಯಿ, ರಾತ್ರಿ ರೊಪ್ಪದ ಸುತ್ತ ಮಲಗಿದ್ದು ತೋಳದ ವಾಸನೆ ಬಂದ್ರೆ ಎದ್ದು ಬೊಗಳಿ ಎಬ್ಬಿಸೋದು, ಮೇಲೆ ಬಿದ್ದು ಓಡ್ಸೋದು. ಕುರಿಗಳನ್ನ ತರುಬೋದು, ತಿರುಗಿಸೋದು, ಹೊಡ್ಕೊಂಡು ಬರೋದು ಮನುಷ್ಯನ ಕೆಲಸ, ಬಾಯಲ್ಲಿ ಕೂಗು ಕೈಯಲ್ಲಿ ಕೋಲು. ಇಂಗ್ಲೆಂಡ್ ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ತೋಳ ಇಲ್ಲವಾಗಿ ನೂರಾರು ವರ್ಷ ಆಯ್ತು. ಅಲ್ಲಿ ಕುರಿಗಳು ಕಾವಲಿಲ್ಲದೆ ಗುಡ್ಡದ ತುಂಬ ಚೆಲ್ಲಾಡಿಕೊಂಡು ಮೇಯ್ತಿರ್ತವೆ, ಒಬ್ಬನೇ ಕುರಿಗಾಹಿ, ಕಾಲಲ್ಲಿ ಹತ್ತಿ ಇಳಿದು ಒಟ್ಟು ಮಾಡೋಕೆ ಆಗದ ಕೆಲಸ. ಅಲ್ಲಿ ಬೇಕಾಗಿದ್ದು ದೂರ ಹೋಗಿ ಕುರಿ ಒಟ್ಟು ಮಾಡಿ ತರೋ ನಾಯಿ. ಕಾಯೋ ನಾಯಿ ತಾನೂ ಕುರಿ ಅನ್ನೋ ಥರ ಮಂದೆ ಜೊತೆ ಬೆಳೆಯುತ್ತೆ. ಬಾರ್ಡರ್ ಕೋಲಿ ಹಾಗಲ್ಲ, ಅದು ಬೇಟೆ ಪ್ರಾಣಿಯಾಗೇ ಉಳಿದಿರೋ ನಾಯಿ. ತೋಳ ಬೇಟೆ ಆಡುವಾಗ ನೋಡುತ್ತೆ, ದಿಟ್ಟಿಸುತ್ತೆ, ತೆವಳುತ್ತೆ, ಅಟ್ಟುತ್ತೆ, ಕಚ್ಚುತ್ತೆ, ಕೊಲ್ಲುತ್ತೆ. ಕೋಲಿಯಲ್ಲಿ ದಿಟ್ಟಿಸೋದು ತೆವಳೋದು ಅಟ್ಟೋದು ಇಷ್ಟನ್ನ ಹೆಚ್ಚು ಮಾಡಿ, ಕಚ್ಚೋದು ಕೊಲ್ಲೋದನ್ನ ತಲೆಮಾರುಗಟ್ಟಲೆ ಆರಿಸಿ ಆರಿಸಿ ಕಮ್ಮಿ ಮಾಡಿದಾರೆ. ಆ ದಿಟ್ಟಿಸೋ ಗುಣಕ್ಕೆ ಅವರು 'ಐ' ಅಂತಾರೆ, ಕಣ್ಣು.

ಈ ಕಣ್ಣು ಅನ್ನೋದು ಉಪ್ಪಿದ್ದಂಗೆ. ಕಮ್ಮಿ ಆದ್ರೆ ನಾಯಿ ಕುರಿ ಸುತ್ತ ಸುಮ್ನೆ ಓಡಾಡುತ್ತೆ, ಕುರಿಗಳು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಜಾಸ್ತಿ ಆದ್ರೆ ನಾಯಿ ಒಂದು ಕಡೆ ನಿಂತು ದಿಟ್ಟಿಸ್ತಾ ಅಲ್ಲೇ ಕಲ್ಲಾಗಿಬಿಡುತ್ತೆ, ಕೂಗಿದ್ರೂ ಕದಲಲ್ಲ, ಅದಕ್ಕೆ ಅವರು 'ಸ್ಟಿಕಿ' ಅಂತಾರೆ, ಅಂಟಿಕೊಂಡಂಗೆ.

ಇಲ್ಲಿ ಕ್ಯಾಪ್‌ಗಿಂತ 70 ವರ್ಷ ಹಿಂದಕ್ಕೆ ಹೋಗಬೇಕು, ಯಾಕಂದ್ರೆ ನನ್ನ ಪ್ರಕಾರ ಸರಿಯಾದ ದಾರಿ ಅಲ್ಲೇ ಇತ್ತು. 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್‌ನಲ್ಲಿ ಆಡಮ್ ಟೆಲ್ಫರ್ ಅನ್ನೋರ ಹತ್ರ ಹೆಂಪ್ ಅನ್ನೋ ನಾಯಿ ಹುಟ್ಟಿತು, ಈಗ ಓಲ್ಡ್ ಹೆಂಪ್ ಅಂತ ಕರೀತಾರೆ, ಬಾರ್ಡರ್ ಕೋಲಿ ತಳಿಯ ಮೂಲಪುರುಷ ಅಂತಲೇ ಲೆಕ್ಕ. ಅದರ ಅಪ್ಪ ರಾಯ್, ಸ್ನೇಹದ ಸ್ವಭಾವದ ನಾಯಿ, ಕಣ್ಣು ಅಷ್ಟಿಲ್ಲ. ಅಮ್ಮ ಮೆಗ್, ನಾಚಿಕೆ ಜಾಸ್ತಿ, ಕಣ್ಣು ವಿಪರೀತ. ಎರಡೂ ತಮ್ಮಷ್ಟಕ್ಕೆ ಚಾಂಪಿಯನ್ ಅನ್ನೋಕಾಗದ ನಾಯಿಗಳು. ಆದ್ರೆ ಒಂದರ ಕೊರತೆ ಇನ್ನೊಂದು ತುಂಬೋ ಜೋಡಿ. ಹುಟ್ಟಿದ ಹೆಂಪ್ ಬೊಗಳದೆ, ಒರಟಾಗಿ ನುಗ್ಗದೆ, ಮೌನವಾಗಿ ದಿಟ್ಟಿಸಿ ಕುರಿ ನಡೆಸ್ತಿತ್ತು, ಆಗಿನ ಜೋರು ನಾಯಿಗಳ ನಡುವೆ ಅದು ಹೊಸದಾಗೇ ಕಂಡಿತು. 1901ರಲ್ಲಿ ಸತ್ತಿತು. ಹೆಂಪ್‌ಗೂ ಇನ್ನೂರರ ಹತ್ರ ಮರಿಗಳಾದ್ವು ಅಂತ ಹೇಳ್ತಾರೆ, ಅಲ್ಲೂ ಜನ ಮುಗಿಬಿದ್ದರು ಅನ್ನೋದು ನಿಜವೇ. ಆದ್ರೆ ಹೆಂಪ್ ಹುಟ್ಟಿಸಿದ ಜೋಡಿ ಮಾತ್ರ ಹೆಸರು ನೋಡಿ ಮಾಡಿದ ಜೋಡಿ ಅಲ್ಲ, ಕೊರತೆ ನೋಡಿ ಮಾಡಿದ ಜೋಡಿ ಅನ್ನೋ ಹಾಗಿದೆ.

ನಮ್ಮಜ್ಜ ಸಂತೆಗೆ ಹೋಗುವಾಗ ನನ್ನಪ್ಪನಿಗೆ ಹೇಳ್ತಿದ್ದ ಮಾತು, "ಮಗ, ಟಗರು ನೋಡಿ ಮರುಳಾಗಬ್ಯಾಡ, ನಮ್ಮ ಕುರಿ ಹೆಂಗವೆ ಅಂತ ನೋಡ್ಕಂಡು ಆಮೇಲೆ ಟಗರು ನೋಡು". ಅಜ್ಜನಿಗೆ ಓದು ಬರಹ ಇರಲಿಲ್ಲ. ಒಂದು ಸಲ ನಮ್ಮಪ್ಪ ಎತ್ತರಕ್ಕೆ ಇದ್ದ ಒಂದು ಟಗರು ತಂದು, ಅದರ ಮಕ್ಕಳನ್ನೇ ಬೀಜಕ್ಕೆ ಬಿಟ್ಟು, ಐದಾರು ವರ್ಷದಲ್ಲಿ ಕೆಳದವಡೆ ಚಿಕ್ಕದಾಗಿ ಮೊಲೆ ಹಿಡಿಯೋಕೆ ಬಾರದ ಮರಿಗಳು ಒಂದರ ಹಿಂದೆ ಒಂದು ಬಿದ್ವು. ಆ ಟಗರು ನೋಡೋಕೆ ಮಾತ್ರ ಕೊನೆವರೆಗೂ ಚೆನ್ನಾಗೇ ಇತ್ತು.

ಈಗ ಟ್ರಯಲ್, ಅಂದ್ರೆ ಕುರಿ ನಡೆಸೋ ಸ್ಪರ್ಧೆ, ಏನನ್ನ ಅಳೆಯುತ್ತೆ ಅಂತ ನೋಡೋಣ, ಏನನ್ನ ಅಳೆಯಲ್ಲ ಅನ್ನೋದು ಆಗ ತಾನಾಗೇ ಗೊತ್ತಾಗುತ್ತೆ. ಬ್ರಿಟನ್ನಿನಲ್ಲಿ ದಾಖಲಾದ ಮೊದಲ ಟ್ರಯಲ್ 1873ರ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾದಲ್ಲಿ ಆಯ್ತು, ಸೇರಿದ್ದು ಹತ್ತು ನಾಯಿ, ಗೆದ್ದಿದ್ದು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವರೊಬ್ಬರ ಟ್ವೀಡ್ ಅನ್ನೋ ನಾಯಿ. 1906ರಲ್ಲಿ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಹುಟ್ಟಿತು. ಈಗಿನ ಲೆಕ್ಕದಲ್ಲಿ ಒಬ್ಬ ಜಡ್ಜ್ ಕೈಯಲ್ಲಿ ಅಂಕಗಳು ಹೀಗೆ ಹಂಚಿಕೆ ಆಗ್ತವೆ: ಕುರಿಗಳ ಹಿಂದಕ್ಕೆ ಬಳಸಿ ಹೋಗೋ ಔಟ್‌ರನ್‌ಗೆ 20, ಮೊದಲ ಸಲ ಕುರಿ ಕದಲಿಸೋ ಲಿಫ್ಟ್‌ಗೆ 10, ನೆಟ್ಟಗೆ ತರೋ ಫೆಚ್‌ಗೆ 20, ಯಜಮಾನನಿಂದ ದೂರಕ್ಕೆ ಹೊಡ್ಕೊಂಡು ಹೋಗೋ ಡ್ರೈವ್‌ಗೆ 30, ಹಿಂಡಿಂದ ಕುರಿ ಬೇರೆ ಮಾಡೋ ಶೆಡ್‌ಗೆ 10, ದೊಡ್ಡಿಗೆ ತುಂಬೋ ಪೆನ್‌ಗೆ 10, ಒಂಟಿ ಕುರಿ ಬೇರೆ ಮಾಡೋ ಸಿಂಗಲ್ ಇದ್ದಲ್ಲಿ ಅದಕ್ಕೆ 10. ಸೊನ್ನೆಯಿಂದ ಮೇಲಕ್ಕೆ ಹತ್ತೋದಲ್ಲ, ಪೂರ್ತಿ ಅಂಕದಿಂದ ಶುರು ಮಾಡಿ ತಪ್ಪಿಗೆ ಕಳೀತಾ ಹೋಗ್ತಾರೆ.

ಸುಪ್ರೀಮ್ ಫೈನಲ್ ಇದಕ್ಕಿಂತ ಬೇರೆ ಮಟ್ಟ. ಹತ್ತು ಕುರಿಯ ಎರಡು ಗುಂಪು, ಸುಮಾರು 800 ಗಜ ದೂರದಲ್ಲಿ, ಒಂದಕ್ಕೊಂದು ಕಾಣದ ಹಾಗೆ ಬೇರೆ ಬೇರೆ ಕಡೆ. ನಾಯಿ ಮೊದಲ ಗುಂಪು ತಂದು ಮೈದಾನದ ಮಧ್ಯ ಬಿಟ್ಟು, 'ಲುಕ್ ಬ್ಯಾಕ್' ಅಂದಾಗ ಕೈಗೆ ಬಂದ ಕುರಿಗೆ ಬೆನ್ನು ತಿರುಗಿಸಿ, ಇನ್ನೂ ಕಣ್ಣಿಗೇ ಬೀಳದ ಎರಡನೇ ಗುಂಪಿಗಾಗಿ ಓಡಬೇಕು. ಬೇಟೆ ಬುದ್ಧಿ ಇರೋ ಪ್ರಾಣಿಗೆ ಇದು ಎಷ್ಟು ಕಷ್ಟ ಅಂತ ಒಂದು ಕ್ಷಣ ಯೋಚಿಸಿ, ಎದುರಿಗಿರೋದನ್ನ ಬಿಟ್ಟು ಇಲ್ಲದ್ದನ್ನ ನಂಬಿ ಓಡೋದು, ಬರೀ ಯಜಮಾನನ ಮಾತಿನ ಮೇಲೆ. ಆಮೇಲೆ 20 ಕುರಿಯನ್ನೂ ಡ್ರೈವ್ ಮಾಡಿ, ಅದ್ರಲ್ಲಿ ಪಟ್ಟಿ ಕಟ್ಟಿರೋ ಐದನ್ನ ಮಾತ್ರ ಉಳಿಸ್ಕೊಂಡು 15 ಹೊರಗೆ ಹಾಕಿ, ಐದನ್ನ ದೊಡ್ಡಿಗೆ ತುಂಬಬೇಕು. ಸಮಯ 30 ನಿಮಿಷ.

ಇಂಥ ಪರೀಕ್ಷೇಲಿ ಎರಡು ವರ್ಷದ ನಾಯಿ ಗೆಲ್ಲಬೇಕಾದ್ರೆ ಅದ್ರಲ್ಲಿ ಒಂದು ಗುಣ ತುಂಬ ಇರಬೇಕು, ಮಾತು ಕೇಳೋ ಗುಣ. ಕ್ಯಾಪ್ ಬಗ್ಗೆ ಎಲ್ಲರೂ ಹೇಳೋದೂ ಅದನ್ನೇ, ಮಾತಿಗೆ ಬಗ್ಗೋ ನಾಯಿ, ಒಳ್ಳೆ ಸ್ವಭಾವದ ನಾಯಿ. ಜಾಕ್ ರಿಚರ್ಡ್‌ಸನ್ ಕೈಗುಣವೂ ಅದ್ರಲ್ಲಿ ಸೇರಿದೆ. ಅಂಕಪಟ್ಟಿ ನೋಡಿದ್ರೆ ಇದೆಷ್ಟು ನಾಯಿದು ಇದೆಷ್ಟು ಮನುಷ್ಯನದು ಅಂತ ಬೇರೆ ಮಾಡೋಕೆ ಬರಲ್ಲ, ಮರಿಗೆ ಹೋಗೋದು ಮಾತ್ರ ನಾಯಿದು ಅಷ್ಟೇ.

ಈಗ ವಂಶಾವಳಿಗೆ ಬರ್ತೀನಿ, ನನಗೆ ತುಂಬ ಹಿಡಿಸಿದ ಭಾಗ ಇದು. ಜೆ. ಎಂ. ವಿಲ್ಸನ್ ಅಂತ ಸ್ಕಾಟ್ಲೆಂಡಿನ ದೊಡ್ಡ ಹ್ಯಾಂಡ್ಲರ್, ಅಂದ್ರೆ ಟ್ರಯಲ್‌ನಲ್ಲಿ ನಾಯಿ ನಡೆಸೋರು, ಸುಪ್ರೀಮ್ ಒಂಬತ್ತು ಸಲ ಗೆದ್ದೋರು. ಅವರ ಹತ್ರ ಇದ್ದ ಒಂದು ನಾಯಿ ಹೆಸರೂ ಕ್ಯಾಪ್. ವಿಸ್ಟನ್ ಕ್ಯಾಪ್‌ನ ಏಳು ತಲೆಮಾರು ತೆಗೆದ್ರೆ ಈ ಹಳೇ ಕ್ಯಾಪ್ ಹೆಸರು ಹದಿನಾರು ಸಲ ಬರುತ್ತೆ. ಹದಿನಾರು ಸಲ! ಲೆಕ್ಕ ಹಾಕಿ ನೋಡಿ. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿ ನಾಲ್ಕು, ಹೀಗೆ ಏಳನೇ ತಲೆಮಾರಿಗೆ 128 ಜಾಗ. ಏಳನೇ ತಲೆಮಾರಲ್ಲಿ ಒಂದು ಸಲ ಹೆಸರು ಬಂದ್ರೆ ರಕ್ತದ ಪಾಲು 128ರಲ್ಲಿ ಒಂದು, ಆರನೇದ್ರಲ್ಲಿ ಬಂದ್ರೆ 64ರಲ್ಲಿ ಒಂದು, ಹತ್ತಿರ ಬಂದಷ್ಟೂ ಡಬಲ್. ಹದಿನಾರೂ ಸಲ ಅತಿ ದೂರದ ಏಳನೇ ಸಾಲಲ್ಲೇ ಇದೆ ಅಂದ್ಕೊಂಡ್ರೂ 128ರಲ್ಲಿ 16, ಅಂದ್ರೆ ಎಂಟರಲ್ಲಿ ಒಂದು ಪಾಲು. ಎಂಟರಲ್ಲಿ ಒಂದು ಪಾಲು ಅಂದ್ರೆ ಮುತ್ತಜ್ಜನ ಪಾಲು. ಕಾಗದದ ಮೇಲೆ ದೂರದ ಸಂಬಂಧ, ರಕ್ತದಲ್ಲಿ ಕಮ್ಮಿ ಅಂದ್ರೂ ಮುತ್ತಜ್ಜ.

ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಒಂದು ಒಳ್ಳೆ ನಾಯಿಯ ಗುಣ ಕಳೆದುಹೋಗಬಾರದು ಅಂತ ಅದರ ರಕ್ತವನ್ನ ಮತ್ತೆ ಮತ್ತೆ ತಂದು ಸೇರಿಸೋದು ಹಳೇ ಪದ್ಧತಿ. ಮಾಡೋರ ಕಣ್ಣು ಚುರುಕಾಗಿದ್ದು ಕೆಟ್ಟ ಮರಿಗಳನ್ನ ಮುಂದಕ್ಕೆ ಬಿಡದೇ ಇದ್ರೆ ಗುಣ ಗಟ್ಟಿಯಾಗುತ್ತೆ. ಕ್ಯಾಪ್ ತನ್ನ ಗುಣಗಳನ್ನ ಮರಿಗೆ ಅಷ್ಟು ನಿಖರವಾಗಿ ದಾಟಿಸ್ತಿತ್ತು ಅಂದ್ರೆ ಅದಕ್ಕೆ ಇದೇ ಒಂದು ಕಾರಣ, ಒಂದೇ ಥರದ ಜೀನು ಎರಡೂ ಕಡೆಯಿಂದ ಬಂದಿದ್ರೆ ಮರಿಗೆ ಕೊಡೋಕೆ ಬೇರೆ ಇರೋದೇ ಇಲ್ಲ. ತೊಂದರೆ ಅದರ ಮುಂದಿನ ಹೆಜ್ಜೇಲಿ. ಬಿಗಿಯಾಗಿ ಕಟ್ಟಿದ ನಾಯಿಯನ್ನ ಒಂದು ದೇಶದ ಹೆಣ್ಣುನಾಯಿಗಳಿಗೆಲ್ಲ ಬಿಟ್ಟು, ಅವಕ್ಕೆ ಹುಟ್ಟಿದ ಮಕ್ಕಳನ್ನ ಮತ್ತೆ ಒಂದಕ್ಕೊಂದು ಕೂಡಿಸಿದ್ರೆ, ಅಷ್ಟೊತ್ತಿಗೆ ಹೊರಗಡೆ ರಕ್ತ ಅಂತ ಉಳಿಯೋದು ಎಲ್ಲಿಂದ?

ಜನ ಕ್ಯಾಪ್ ಪರವಾಗಿ ಹೇಳೋ ದೊಡ್ಡ ಮಾತು, ಮೂರು ಮಕ್ಕಳು ಮೂರು ಮೊಮ್ಮಕ್ಕಳು ಸುಪ್ರೀಮ್ ಗೆದ್ವಲ್ಲ ಅಂತ. ಈ ಮಾತು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲನೇದು, ಮರಿ ನೂರಾರು ಇದ್ದಾಗ ಗೆದ್ದ ಮೂರರ ಹೆಸರು ಎಲ್ಲರ ಬಾಯಲ್ಲೂ ಇರುತ್ತೆ, ಗೆಲ್ಲದ ನೂರಾರರ ಲೆಕ್ಕ ಯಾರೂ ಬರೆದಿಟ್ಟಿರಲ್ಲ. ಹತ್ತು ಮರಿ ಹುಟ್ಟಿಸಿ ಒಂದು ಚಾಂಪಿಯನ್ ಕೊಟ್ಟ ಇನ್ನೊಂದು ಗಂಡುನಾಯಿ ಇದ್ದಿದ್ರೆ ಲೆಕ್ಕದಲ್ಲಿ ಅದೇ ಮೇಲು, ಹೆಸರು ಮಾತ್ರ ಯಾರಿಗೂ ಗೊತ್ತಿರ್ತಿರಲಿಲ್ಲ. ಎರಡನೇದು, ಚಾಂಪಿಯನ್ ಹತ್ರ ಬರೋ ಹೆಣ್ಣುನಾಯಿಗಳೂ ಸಾಮಾನ್ಯದವಲ್ಲ, ದೂರದಿಂದ ಖರ್ಚು ಮಾಡ್ಕೊಂಡು ಬರೋರು ತಮ್ಮ ಅತ್ಯುತ್ತಮ ಹೆಣ್ಣನ್ನೇ ತರ್ತಾರೆ, ಮರಿಯ ಅರ್ಧ ಗುಣ ಅಮ್ಮಂದು, ಹೊಗಳಿಕೆ ಪೂರ್ತಿ ಅಪ್ಪನಿಗೆ. ಮೂರನೇದು, ಆ ಮರಿಗಳನ್ನ ಕೊಳ್ಳೋರು ಯಾರು? ಟ್ರಯಲ್ ಗೆಲ್ಲಬೇಕು ಅನ್ನೋ ಹಠ ಇರೋ, ಕೈ ಪಳಗಿರೋ ಹ್ಯಾಂಡ್ಲರ್‌ಗಳು. ಅವರ ಕೈಗೆ ಬೇರೆ ಯಾವ ಒಳ್ಳೆ ಮರಿ ಕೊಟ್ಟಿದ್ರೂ ಮೇಲಕ್ಕೆ ತರ್ತಿದ್ರು. ಒಳ್ಳೆ ಅಮ್ಮ, ಒಳ್ಳೆ ಗುರು, ದೊಡ್ಡ ಸಂಖ್ಯೆ ಈ ಮೂರೂ ಸೇರಿದ ಕಡೆ ಅಪ್ಪನ ಪಾಲು ಎಷ್ಟು ಅಂತ ಟ್ರೋಫಿ ನೋಡಿ ಹೇಳೋಕಾಗಲ್ಲ.

ಗಂಡು ಹೆಣ್ಣಿನ ಲೆಕ್ಕವೂ ಇಲ್ಲಿ ಬರುತ್ತೆ. ಹೆಣ್ಣುನಾಯಿ ಇಡೀ ಆಯಸ್ಸಲ್ಲಿ ನಾಲ್ಕೈದು ಸೂಲು ಹಾಕಿದ್ರೆ ಹೆಚ್ಚು. ಗಂಡಿಗೆ ಆ ಮಿತಿ ಇಲ್ಲ. ಅದಕ್ಕೇ ತಳಿಯ ದಾರಿ ಕಿರಿದಾಗೋದು ಯಾವಾಗ್ಲೂ ಗಂಡಿನ ಕಡೆಯಿಂದ.

ಇನ್ನು ರೋಗದ ವಿಷಯ. ಒಂದು ಮಾತು ಸ್ಪಷ್ಟ ಮಾಡ್ತೀನಿ, ಕ್ಯಾಪ್ ಇಂಥ ರೋಗ ಹೊತ್ತಿತ್ತು ಅಂತ ನಾನು ಆರೋಪ ಹೊರಿಸ್ತಿಲ್ಲ, ಯಾವ ಗಂಡುನಾಯಿ ಆಗಿದ್ರೂ ಲೆಕ್ಕ ಇದೇ. ಕೋಲಿಗಳಲ್ಲಿ ಕೋಲಿ ಐ ಅನಾಮಲಿ ಅಂತ ಒಂದು ಕಣ್ಣಿನ ದೋಷ ಇದೆ, ಕಣ್ಣಿನ ಹಿಂಭಾಗದ ಪದರ ಸರಿಯಾಗಿ ಬೆಳೆಯಲ್ಲ. ಹೆಚ್ಚಿನ ನಾಯಿಗಳಲ್ಲಿ ದೃಷ್ಟಿಗೆ ಏನೂ ಆಗಲ್ಲ, ಕೆಲವಕ್ಕೆ ಮಾತ್ರ ರೆಟಿನಾ ಕಿತ್ತು ಬಂದು ಕುರುಡಾಗುತ್ತೆ. ಮರಿ ಐದರಿಂದ ಎಂಟು ವಾರದೊಳಗೆ ಇದ್ದಾಗ ನೋಡಿದ್ರೆ ಕಾಣುತ್ತೆ, ತಡ ಮಾಡಿದ್ರೆ ಬಣ್ಣ ತುಂಬಿ ಮುಚ್ಚಿಹೋಗಿ ನಾರ್ಮಲ್ ಥರ ಕಾಣೋದೂ ಉಂಟು, ಒಳಗೆ ಮಾತ್ರ ದೋಷದ್ದೇ ನಾಯಿ. ಇದು ರಿಸೆಸಿವ್, ಅಂದ್ರೆ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಕಾಣಿಸುತ್ತೆ, ಒಂದೇ ಪ್ರತಿ ಇದ್ರೆ ನಾಯಿ ನೋಡೋಕೆ ಆರೋಗ್ಯವಂತ, ಮರಿಗಳಿಗೆ ಮಾತ್ರ ದಾಟಿಸ್ತಾ ಹೋಗುತ್ತೆ.

ಇಂಥ ದೋಷ ನೂರರಲ್ಲಿ ಒಂದು ನಾಯಿಗೆ ಮಾತ್ರ ಕಾಣ್ತಿದೆ ಅಂದ್ಕೊಳ್ಳಿ. ಓ, ಒಂದೇ ತಾನೆ ಅಂತ ಅನ್ಸುತ್ತೆ. ಆದ್ರೆ ಲೆಕ್ಕ ಹಾಕಿದ್ರೆ ಅದನ್ನ ಒಳಗೆ ಹೊತ್ತು ತಿರುಗೋ ನಾಯಿಗಳು ನೂರರಲ್ಲಿ 18 ಆಗ್ತವೆ. ಈಗ ಹೀಗೆ ಹೊತ್ತಿರೋ ಒಂದು ಗಂಡುನಾಯಿ ಚಾಂಪಿಯನ್ ಆಯ್ತು, ಹೆಣ್ಣುಗಳ ಕಡೆ ದೋಷ ಇಲ್ಲ ಅಂತಲೇ ಇಟ್ಕೊಳ್ಳಿ. ಮೊದಲ ತಲೆಮಾರಲ್ಲಿ ಒಂದು ಮರಿಗೂ ಏನೂ ಕಾಣಲ್ಲ, ಅರ್ಧಕ್ಕರ್ಧ ಮರಿಗಳು ಮಾತ್ರ ಹೊತ್ಕೊಂಡಿರ್ತವೆ. ಎಲ್ಲರೂ ಖುಷಿ, ನಾಯಿ ಕ್ಲೀನ್ ಅಂತಾರೆ. ಎರಡನೇ ತಲೆಮಾರಲ್ಲಿ ಅದೇ ಅಪ್ಪನ ಬೇರೆ ಬೇರೆ ಅಮ್ಮಂದಿರ ಮಕ್ಕಳನ್ನ ಕೂಡಿಸಿದ್ರೆ ಹದಿನಾರು ಮರಿಗೆ ಒಂದರಂತೆ ಕಾಣಿಸೋಕೆ ಶುರು. ಅಷ್ಟೊತ್ತಿಗೆ ಆ ಗಂಡುನಾಯಿಗೆ ವಯಸ್ಸಾಗಿರುತ್ತೆ ಅಥವಾ ಸತ್ತಿರುತ್ತೆ, ಮಕ್ಕಳು ಊರೂರಲ್ಲಿ ಹರಡಿರ್ತವೆ. ಈ ದೋಷದ ಜೀನು, ಎನ್‌ಎಚ್‌ಇಜೆ1 ಒಳಗೆ ಒಂದು ತುಂಡು ಬಿಟ್ಟುಹೋಗಿರೋದು, ಪ್ರಕಟವಾಗಿದ್ದು 2007ರಲ್ಲಿ. ಕ್ಯಾಪ್ ಕಾಲದಲ್ಲಿ ಇಂಥ ಟೆಸ್ಟ್ ಯಾರ ಕನಸಲ್ಲೂ ಇರಲಿಲ್ಲ, ಅದಕ್ಕೇ ಆಗಿನ ಜನರನ್ನ ಬೈಯೋದು ನ್ಯಾಯ ಅಲ್ಲ. ಟೆಸ್ಟ್ ಇರೋ ಈ ಕಾಲದಲ್ಲೂ ಪದಕ ನೋಡಿ ಓಡೋರನ್ನ ಕಂಡ್ರೆ ಮಾತ್ರ ನನಗೆ ಸಿಟ್ಟು ಬರುತ್ತೆ.

ವಯಸ್ಸಿನ ವಿಷಯ ಯಾರೂ ಅಷ್ಟಾಗಿ ಮಾತಾಡಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಎರಡು ವರ್ಷದ ನಾಯಿ ಬಗ್ಗೆ ನಮಗೆ ಗೊತ್ತಿರೋದು ಅರ್ಧ. ಬಾರ್ಡರ್ ಕೋಲಿಗಳಲ್ಲಿ ಬರೋ ಅಪಸ್ಮಾರ ಎಷ್ಟೋ ಸಲ ಒಂದರಿಂದ ಐದು ವರ್ಷದೊಳಗೆ ಶುರುವಾಗುತ್ತೆ. ಈ ತಳಿಯಲ್ಲಿ ದೊಡ್ಡದಾದ ಮೇಲೆ ಕಿವಿ ಮಂದವಾಗೋ ಸಾಲುಗಳೂ ಇದಾವೆ, 800 ಗಜ ದೂರದಿಂದ ಸೀಟಿ ಕೇಳಬೇಕಾದ ನಾಯಿಗೆ ಇದು ಸಣ್ಣ ವಿಷಯ ಅಲ್ಲ. ಕೀಲು ಎಷ್ಟು ವರ್ಷ ತಡೆಯುತ್ತೆ, ಎಂಟನೇ ವಯಸ್ಸಲ್ಲೂ ಗುಡ್ಡ ಹತ್ತೋ ದಮ್ಮು ಇರುತ್ತಾ, ಮಳೆ ಹಿಮದಲ್ಲಿ ದಿನಪೂರ್ತಿ ಕೆಲಸ ಮಾಡಿ ಮರುದಿನ ಮತ್ತೆ ಎದ್ದು ಹೋಗುತ್ತಾ, ಇದ್ಯಾವುದಕ್ಕೂ ಮೂವತ್ತು ನಿಮಿಷದ ಫೈನಲ್‌ನಲ್ಲಿ ಉತ್ತರ ಇಲ್ಲ. ಆದ್ರೆ ಬೇಡಿಕೆ ಜೋರಾಗಿರೋದು ಗೆದ್ದ ಆ ವರ್ಷವೇ.

ಹಾಗಾದ್ರೆ ಜನ ಸುಮ್ನೆ ಹುಚ್ಚಿಗೆ ಓಡಿದ್ರಾ? ಇಲ್ಲ. ಮಾತು ಕೇಳೋ, ಸ್ವಭಾವ ಒಳ್ಳೇದಿರೋ ನಾಯಿ ಅಂದ್ರೆ ಸಾಧಾರಣ ರೈತನ ಕೈಗೂ ಒಗ್ಗುತ್ತೆ. ಬರೀ ಗಟ್ಟಿ ಕಣ್ಣು, ಹಠಮಾರಿ, ಒಬ್ಬನ ಕೈಗೆ ಮಾತ್ರ ಬಗ್ಗೋ ನಾಯಿ ಸಾಲುಗಳಿಂದ ಬೇಸತ್ತೋರಿಗೆ ಕ್ಯಾಪ್ ನಿಜಕ್ಕೂ ಔಷಧಿ. ಆದ್ರೆ ಔಷಧಿ ಬೇಕಾಗಿರೋದು ಕಾಯಿಲೆ ಇರೋರಿಗೆ ತಾನೆ. ಮೊದಲೇ ಮೆತ್ತಗಿರೋ, ಮಾತಿಗೆ ಕಾದು ಕೂರೋ ಹೆಣ್ಣುನಾಯಿಗೆ ಅಂಥದ್ದೇ ಮೆತ್ತನೆ ಗಂಡು ಹಾಕಿದ್ರೆ ಹುಟ್ಟೋ ಮರಿ ಎದುರಿಗೆ ತಿರುಗಿ ನಿಂತು ಕಾಲು ಕುಟ್ಟೋ ಕುರಿ ಮುಂದೆ ಹಿಂದೆ ಸರಿಯುತ್ತೆ. ಎದೆಗಾರಿಕೆ ಅನ್ನೋದನ್ನ ಸೀಟಿ ಊದಿ ಕಲಿಸೋಕಾಗಲ್ಲ.

ಈ ಜಾಗದಲ್ಲಿ ತರಬೇತಿಗೂ ತಳಿಗೂ ಗಂಟು ಬೀಳುತ್ತೆ. ಮರಿಗೆ ಎಂಟರಿಂದ ಹನ್ನೆರಡು ತಿಂಗಳು ಆದಾಗ, ಕುರಿಗಿಂತ ಜೋರಾಗಿ ಓಡೋ ಶಕ್ತಿ ಬಂದ ಮೇಲೆ, ಪಳಗಿದ ನಾಲ್ಕೈದು ಕುರಿ ಜೊತೆ ಸಣ್ಣ ಜಾಗದಲ್ಲಿ ಬಿಡ್ತಾರೆ. ಒಳ್ಳೆ ಮರಿ ತಾನಾಗೇ ಕುರಿಗಳ ಆಚೆ ಬದಿಗೆ ಹೋಗಿ, ಯಜಮಾನನಿಗೆ ಎದುರಾಗಿ ನಿಲ್ಲುತ್ತೆ, ನಾವು ಗಡಿಯಾರದ ಆರರಲ್ಲಿ ಇದ್ರೆ ಅದು ಹನ್ನೆರಡರಲ್ಲಿ. ನಾವು ಒಂದು ಹೆಜ್ಜೆ ಬಲಕ್ಕೆ ಇಟ್ರೆ ಅದೂ ಆಚೆಯಿಂದ ಸರಿದು ಸಮ ಮಾಡುತ್ತೆ. ಇದನ್ನ ಯಾರೂ ಕಲಿಸಿರಲ್ಲ, ರಕ್ತದಲ್ಲಿ ಬಂದಿದ್ದು. ಕಲಿಸೋದು ಅದಕ್ಕೆ ಹೆಸರು ಇಡೋದನ್ನ ಮಾತ್ರ: ಗಡಿಯಾರದ ಮುಳ್ಳಿನ ದಿಕ್ಕಿಗೆ ಹೋದಾಗ 'ಕಮ್ ಬೈ', ಉಲ್ಟಾ ಹೋದಾಗ 'ಅವೇ', ನಿಂತಾಗ 'ಲೈ ಡೌನ್', ಮುಂದಕ್ಕೆ ಬಂದಾಗ 'ವಾಕ್ ಅಪ್', ಸಾಕು ಬಾ ಅಂದಾಗ 'ದಟಲ್ ಡೂ'. ಡ್ರೈವ್ ಮಾತ್ರ ಕಲಿಸಲೇಬೇಕು, ಯಾಕಂದ್ರೆ ಕುರಿಯನ್ನ ಯಜಮಾನನ ಕಡೆಗೆ ತರೋದು ಅದರ ಹುಟ್ಟುಗುಣ, ದೂರಕ್ಕೆ ತಗೊಂಡು ಹೋಗೋದು ಆ ಗುಣಕ್ಕೆ ಎದುರು. ಅಂಕದಲ್ಲಿ ಡ್ರೈವ್‌ಗೇ 30 ಇಟ್ಟಿರೋದೂ ಸುಮ್ನೆ ಅಲ್ಲ.

ಹೀಗೆ ಕಲಿಸ್ತಾ ಕಲಿಸ್ತಾ ಹೆಣ್ಣುನಾಯಿಯ ನಿಜವಾದ ಗುಣ ಗೊತ್ತಾಗುತ್ತೆ, ನಾನು ತಳಿ ಕೆಲಸ ಶುರುವಾಗೋದು ಇಲ್ಲಿಂದ ಅಂತೀನಿ. ಔಟ್‌ರನ್ ಬಿಗಿಯಾಗಿದೆ, ಕುರಿಗಳಿಗೆ ತೀರ ಹತ್ರ ಹೋಗಿ ಚೆದುರಿಸುತ್ತೆ ಅಂದ್ರೆ ಮೊದಲು ನಮ್ಮ ತಪ್ಪೇನು ಅಂತ ನೋಡಬೇಕು, ಬೇಗ ದೂರ ಕಳಿಸಿದ್ವಾ, ಒತ್ತಡ ಹಾಕಿ ಅಗಲ ಮಾಡೋದನ್ನ ಕಲಿಸಿಲ್ವಾ. ಎರಡು ತಿಂಗಳಲ್ಲಿ ಸರಿಯಾದ್ರೆ ಅದು ತರಬೇತಿ ತಪ್ಪು, ಗಂಡು ಹುಡುಕುವಾಗ ಅದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ. ಎಷ್ಟು ಕಲಿಸಿದ್ರೂ ಕುರಿ ಮುಂದೆ ಕಲ್ಲಾಗಿ ನಿಲ್ಲುತ್ತೆ ಅಂದ್ರೆ ಅದು ರಕ್ತದ್ದು. ಮರಿ ಹಾಕಿದ ಕುರಿ ತಿರುಗಿ ನಿಂತ್ರೆ ಬಾಲ ಮೇಲೆತ್ತಿ ಅಡ್ಡಾಡುತ್ತೆ, ಎದುರಿಗೆ ನಡೆಯಲ್ಲ ಅಂದ್ರೆ ಅದೂ ರಕ್ತದ್ದು. ಬಾಲ ಕೆಳಗಿದ್ರೆ ನಾಯಿ ತಲೆ ಕೆಲಸದಲ್ಲಿದೆ, ಮೇಲೆದ್ರೆ ತಬ್ಬಿಬ್ಬಾಗಿದೆ ಅಂತ ಅಲ್ಲಿನ ಕುರಿಗಾಹಿಗಳು ನೋಡಿದ ತಕ್ಷಣ ಹೇಳ್ತಾರೆ. ಭಯಕ್ಕೆ ಕಚ್ಚೋದು ಒಂದು, ಎದುರು ನಿಂತ ಕುರಿ ಮೂಗಿಗೆ ಒಂದು ಸಲ ಹಿಡಿದು ಬಿಡೋದು ಇನ್ನೊಂದು, ಟ್ರಯಲ್‌ನಲ್ಲಿ ಅನಾವಶ್ಯಕವಾಗಿ ಕಚ್ಚಿದ್ರೆ ಹೊರಗೆ ಹಾಕ್ತಾರೆ, ಆದ್ರೆ ತಳಿ ದೃಷ್ಟಿಯಿಂದ ಎರಡೂ ಒಂದೇ ಅಲ್ಲ. ಈ ಪಟ್ಟಿ ಕೈಯಲ್ಲಿ ಹಿಡ್ಕೊಂಡು, ಹೆಣ್ಣಿನ ರಕ್ತದ ಕೊರತೆ ಯಾವುದೋ ಅದರಲ್ಲಿ ಗಟ್ಟಿಯಾಗಿರೋ ಗಂಡನ್ನ ಹುಡುಕಬೇಕು. ಅದು ಪಕ್ಕದ ಫಾರ್ಮಿನಲ್ಲಿ ಯಾವ ಟ್ರಯಲ್‌ಗೂ ಹೋಗದೆ ಏಳು ವರ್ಷ ದುಡಿದ ನಾಯಿಯೂ ಆಗಿರಬಹುದು. ಏಳು ವರ್ಷದ ನಾಯಿ ಆದ್ರೆ ಇನ್ನೂ ಒಳ್ಳೇದು, ಕಿವಿ ಕೀಲು ಅಪಸ್ಮಾರ ಎಲ್ಲದಕ್ಕೂ ಉತ್ತರ ಕಣ್ಣೆದುರಿಗೇ ಇದೆ.

ಸೊಸೈಟಿಯಲ್ಲೂ ಒಂದು ಬಾಗಿಲು ಇಟ್ಟಿದಾರೆ, ರಿಜಿಸ್ಟ್ರೇಷನ್ ಆನ್ ಮೆರಿಟ್ ಅಂತ. ವಂಶದ ಕಾಗದ ಇಲ್ಲದ ನಾಯಿಯೂ ಕೆಲಸ ಮಾಡಿ ತೋರಿಸಿ, ಪರೀಕ್ಷೆ ಪಾಸಾದ್ರೆ ಸೊಸೈಟಿಯ ವಂಶ ದಾಖಲೆ ಪುಸ್ತಕ, ಅಂದ್ರೆ ಸ್ಟಡ್ ಬುಕ್ ಒಳಗೆ ಬರಬಹುದು. ಕಾಗದ ನೋಡಿ ಒಳಗೆ ಬಿಡೋ ತಳಿ ಸಂಘಗಳಿಗಿಂತ ಇದು ಎಷ್ಟೋ ಮೇಲು. ಹೊರಗಿನ ರಕ್ತಕ್ಕೆ ಇದೊಂದೇ ಸರಿಯಾದ ದಾರಿ, ಬಳಸೋರು ಮಾತ್ರ ಇನ್ನೂ ಜಾಸ್ತಿ ಆಗಬೇಕು.

ಈಗ ಇವತ್ತಿನ ಸ್ಥಿತಿ. ಕ್ಯಾಪ್ ಹುಟ್ಟಿ 60 ವರ್ಷ ದಾಟಿತು, ನಾಯಿಯ ಒಂದು ತಲೆಮಾರು ನಾಲ್ಕು ವರ್ಷ ಅಂದ್ಕೊಂಡ್ರೆ ಹದಿನೈದು ತಲೆಮಾರು. ಮರಿ ಕೊಳ್ಳೋನು ಅಪ್ಪಂದು ಅಮ್ಮಂದು ಎರಡು ಪೆಡಿಗ್ರಿ (ವಂಶಾವಳಿ ಕಾಗದ) ಪಕ್ಕಪಕ್ಕ ಇಟ್ಟು ಐದು ತಲೆಮಾರು ನೋಡ್ತಾನೆ, ಒಂದು ಹೆಸರೂ ಹೊಂದಲ್ಲ, ಸಂಬಂಧ ಇಲ್ಲ, ದೂರದ ರಕ್ತ ಅಂತ ನೆಮ್ಮದಿಯಾಗಿ ಕೂಡಿಸ್ತಾನೆ. ಕಾಗದದಲ್ಲಿ ಕ್ಯಾಪ್ ಕಾಣಲ್ಲ, ಯಾಕಂದ್ರೆ ಕಾಗದ ಅಷ್ಟು ಉದ್ದ ಇಲ್ಲ. ಸ್ಟಡ್ ಬುಕ್ ಹಿಡಿದು ಹತ್ತು, ಹನ್ನೆರಡು, ಹದಿನೈದು ತಲೆಮಾರು ಹಿಂದಕ್ಕೆ ಹೋದಾಗ ಅಪ್ಪನ ಕಡೆ ಒಂದಷ್ಟು ಜಾಗದಲ್ಲಿ ಅದೇ ಹೆಸರು, ಅಮ್ಮನ ಕಡೆ ಇನ್ನೊಂದಷ್ಟು ಜಾಗದಲ್ಲಿ ಅದೇ ಹೆಸರು, ಅದರ ಹಿಂದೆ ಹದಿನಾರು ಸಲ ವಿಲ್ಸನ್ ಅವರ ಹಳೇ ಕ್ಯಾಪ್. ಅದಕ್ಕೇ ಯಾರಾದ್ರೂ ಬಾರ್ಡರ್ ಕೋಲಿ ಜೋಡಿ ಮಾಡ್ತೀನಿ ಅಂತ ಕೇಳಿದ್ರೆ ನಾನು ಐದು ತಲೆಮಾರಿನ ಕಾಗದ ಪಕ್ಕಕ್ಕಿಡಿ ಅಂತೀನಿ, ಪೂರ್ತಿ ವಂಶಾವಳಿ ಹಾಕಿ ಒಳಸಂಬಂಧದ ಶೇಕಡಾ ತೆಗೆಸಿ, ಕಣ್ಣಿನ ಡಿಎನ್‌ಎ ಟೆಸ್ಟ್ ಎರಡಕ್ಕೂ ಮಾಡಿಸಿ, ಆಮೇಲೆ ಹೆಣ್ಣುನಾಯಿ ಕರ್ಕೊಂಡು ಕುರಿ ಹತ್ರ ಹೋಗಿ, ಅದರ ಕೊರತೆ ಏನು ಅಂತ ಇನ್ನೊಂದು ಸಲ ನಿಂತು ನೋಡಿ.